ನಮ್ಮೂರಿಗೆ ನಾವೇ ಪ್ರವಾಸಿಗರು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನೀವು ಅಜ್ಜಿಯ ಬಾಯಿಂದ ಕೇಳಿರಬಹುದು. ಕೇಳಿಲ್ಲವಾದರೆ ಇವತ್ತು ನನ್ನಿಂದ ಕೇಳಿ. ಮನೆಯ ಹಿಂದೆ ತಾನಾಗಿ ಬೆಳೆದ ಗಿಡ ಎಷ್ಟೇ ಒಳ್ಳೆಯ ಔಷಧಿಯಾದರೂ ನಮಗೆ ಅದರ ಬೆಲೆ ತಿಳಿಯುವುದಿಲ್ಲ. ದೂರದ ಅಂಗಡಿಯಿಂದ ದುಡ್ಡು ಕೊಟ್ಟು ತಂದದ್ದೇ ಮದ್ದು. ಮದುವೆಯಾಗಿ ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿದ ನನಗೆ ಈ ಗಾದೆ ನನ್ನ ಮೇಲೆಯೇ ಹೊಂದುತ್ತದೆ ಎಂದು ಗೊತ್ತಾದದ್ದು ಕಳೆದ ವರ್ಷ, ಊರಿನಿಂದ ಅಕ್ಕನ ಮಗಳು ರಜೆಗೆ ಬಂದಾಗ.

“ಚಿಕ್ಕಮ್ಮ, ಇಲ್ಲಿ ನೋಡ್ಲಿಕ್ಕೆ ಎಂತೆಲ್ಲ ಉಂಟು?” ಎಂದು ಅವಳು ಬಂದ ದಿನವೇ ಕೇಳಿದಳು. ನಾನು ದಾದರಿನ ಸೀರೆ ಅಂಗಡಿ, ಮಾಟುಂಗದ ಹೂವಿನ ಮಾರ್ಕೆಟ್ಟು, ನಮ್ಮ ಮುಲುಂಡಿನ ಮಾಲ್ ಎಂದು ಪಟ್ಟಿ ಕೊಟ್ಟೆ. “ಅದೆಲ್ಲ ಉಡುಪಿಯಲ್ಲೂ ಉಂಟಲ್ಲ ಚಿಕ್ಕಮ್ಮ!” ಎಂದಳು. ಕೊನೆಗೆ ಅವಳನ್ನು ‘ಮುಂಬಯಿ ದರ್ಶನ’ದ ಬಸ್ಸಿಗೆ ಹತ್ತಿಸಿ ನಾನು ಮನೆಗೆ ಬಂದು ಇಡ್ಲಿಗೆ ಅಕ್ಕಿ ನೆನೆ ಹಾಕಿದೆ. ಆ ರಾತ್ರಿ ಊಟಕ್ಕೆ ಕುಳಿತಾಗ ಅವಳು ಮುಂಬಯಿಯನ್ನು ವರ್ಣಿಸುತ್ತಿದ್ದಳು, ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ನಗು ಬರುತ್ತದಲ್ಲವೇ? ನಗಿ. ಆದರೆ ನಕ್ಕ ಮೇಲೆ ನಿಮ್ಮನ್ನೂ ಒಮ್ಮೆ ಕೇಳಿಕೊಳ್ಳಿ.

ನೀವು ಇಲ್ಲಿಯೇ ಹುಟ್ಟಿದವರು. ಲೋಕಲ್ ಟ್ರೈನಿನ ಯಾವ ಡಬ್ಬಿಯಲ್ಲಿ ಹತ್ತಿದರೆ ಯಾವ ಸೇತುವೆಯ ಮುಂದೆ ಇಳಿಯಬಹುದು ಎಂದು ನಿಮಗೆ ಕಣ್ಣು ಮುಚ್ಚಿಕೊಂಡು ಗೊತ್ತು. ಕಾಲೇಜು, ಕ್ಲಾಸು, ಆಫೀಸು, ಮನೆ. ಅದರಾಚೆಯ ಮುಂಬಯಿ? ನಾನಾದರೂ ಅಷ್ಟೇ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು. ಡಿಕನ್ಸನ ಕಾದಂಬರಿಗಳಿಂದ ಲಂಡನ್ನಿನ ಮಂಜು, ಗಲ್ಲಿ, ಸೇತುವೆಗಳೆಲ್ಲ ನನಗೆ ಪರಿಚಿತ. ಮಗ ಸಿಂಗಪುರಕ್ಕೆ ಕರೆದುಕೊಂಡು ಹೋದಾಗ ಐದು ದಿನ ನಕ್ಷೆ ಹಿಡಿದು ಮೊಣಕಾಲು ನೋವನ್ನೂ ಮರೆತು ಸುತ್ತಿದ್ದೇನೆ. ಆದರೆ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿರುವ ಫೋರ್ಟಿಗೆ ಮೂವತ್ತು ವರ್ಷಗಳಲ್ಲಿ ಹೋದದ್ದು ನಾಲ್ಕೋ ಐದೋ ಸಲ, ಅದೂ ಪಾಸ್‌ಪೋರ್ಟ್, ಬ್ಯಾಂಕು ಎಂದು ಕಾಗದಪತ್ರದ ಕೆಲಸಕ್ಕೆ.

ಈ ಸಂಕಟವನ್ನು ನಮ್ಮ ಮಹಿಳಾ ವಿಭಾಗದ ಗೆಳತಿಯರ ಮುಂದೆ ಹೇಳಿಕೊಂಡೆ. ಧಾರವಾಡದ ಕಡೆಯ ಟೀಚರ್ ಅಕ್ಕ ಶಾಲೆಯಿಂದ ನಿವೃತ್ತರಾದವರು. “ಅಷ್ಟ್ಯಾಕ್ ಚಿಂತಿ ಮಾಡ್ತೀರಿ? ನಾವೂ ಟೂರಿಸ್ಟ್ ಆಗೂಣು ಬರ್ರಿ” ಎಂದರು. ಮೈಸೂರಿನ ಗೆಳತಿಯೂ ಬ್ಯಾಂಕಿನಲ್ಲಿದ್ದ ನಮ್ಮ ಬಿಲ್ಡಿಂಗಿನ ಅಕ್ಕನೂ ಒಪ್ಪಿದರು. ಜನವರಿಯ ಒಂದು ಭಾನುವಾರ ಗೊತ್ತಾಯಿತು. ಭಾನುವಾರವೇ ಏಕೆಂದರೆ ಆಫೀಸುಗಳಿಗೆ ರಜೆಯಿರುವ ಆ ದಿನ ಫೋರ್ಟಿನಲ್ಲಿ ತಲೆಯೆತ್ತಿ ನಡೆಯಲು ಜಾಗ ಸಿಗುತ್ತದೆ. ಮೂರು ನಿಯಮ ಮಾಡಿಕೊಂಡೆವು: ಮನೆಯ ವಿಷಯ ಮಾತಾಡಬಾರದು, ಏನೂ ಖರೀದಿ ಮಾಡಬಾರದು, ಯಾರೊಬ್ಬರು ‘ನಿಲ್ಲಿ’ ಎಂದರೂ ಎಲ್ಲರೂ ನಿಲ್ಲಬೇಕು. ಮೊದಲ ನಿಯಮ ಭಾಂಡುಪ್ ದಾಟುವುದರೊಳಗೆ ಮುರಿಯಿತು. ಎರಡನೆಯದು ಮಧ್ಯಾಹ್ನದವರೆಗೆ ಉಳಿಯಿತು. ಮೂರನೆಯದು ಮಾತ್ರ ದಿನವಿಡೀ ನಮ್ಮನ್ನು ಕಾಪಾಡಿತು.

ಮೊದಲ ‘ನಿಲ್ಲಿ’ ನಮ್ಮ ರೈಲು ನಿಂತಲ್ಲಿಯೇ ಬಂತು. ವಿ.ಟಿ. ಎಂದು ನಮ್ಮ ಹಿರಿಯರು ಈಗಲೂ ಕರೆಯುವ ಆ ನಿಲ್ದಾಣಕ್ಕೆ 1996ರಲ್ಲಿ ಛತ್ರಪತಿ ಶಿವಾಜಿಯ ಹೆಸರು ಬಂತು, 2017ರಲ್ಲಿ ‘ಮಹಾರಾಜ್’ ಎಂಬುದೂ ಸೇರಿತು. ಸಾವಿರಾರು ಜನರ ಜೊತೆ ತಲೆ ತಗ್ಗಿಸಿ ಓಡುವ ಜಾಗದಲ್ಲಿ ನಾವು ನಾಲ್ವರು ರಸ್ತೆ ದಾಟಿ, ಎದುರಿಗೆ ನಿಂತು, ತಲೆಯೆತ್ತಿ ನೋಡಿದೆವು. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ಯೋಜನೆ. 1878ರಲ್ಲಿ ಕೆಲಸ ಶುರುವಾಗಿ ಹತ್ತು ವರ್ಷ ಹಿಡಿಯಿತು. ಗುಮ್ಮಟದ ತುದಿಯಲ್ಲಿ ನಿಂತಿರುವ ಹೆಣ್ಣು ‘ಪ್ರಗತಿ’ಯ ಮೂರ್ತಿ. ಗೇಟಿನ ಒಂದು ಕಂಬದ ಮೇಲೆ ಸಿಂಹ, ಅದು ಬ್ರಿಟನ್. ಇನ್ನೊಂದರ ಮೇಲೆ ಹುಲಿ, ಅದು ಹಿಂದುಸ್ತಾನ. ಗೋಡೆಯ ತುಂಬ ಕಲ್ಲಿನ ಎಲೆ-ಬಳ್ಳಿ, ಪ್ರಾಣಿ-ಪಕ್ಷಿಗಳು. ಇವುಗಳ ಕೆತ್ತನೆಯಲ್ಲಿ ಹತ್ತಿರದ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಯಿತ್ತು. ಅಂದರೆ ನಿಮ್ಮಷ್ಟೇ ವಯಸ್ಸಿನ ಹುಡುಗರು! ಆ ಶಾಲೆಯ ಆವರಣದಲ್ಲಿಯೇ 1865ರಲ್ಲಿ ರುಡ್ಯಾರ್ಡ್ ಕಿಪ್ಲಿಂಗ್ ಹುಟ್ಟಿದ. ಅವನ ತಂದೆ ಅಲ್ಲಿ ಮೇಷ್ಟ್ರಾಗಿದ್ದರು. ಬಿ.ಎ.ಯಲ್ಲಿ ಕಿಪ್ಲಿಂಗನನ್ನು ಓದಿ ಮಾರ್ಕು ತೆಗೆದುಕೊಂಡ ನನಗೆ ಅವನು ನನ್ನ ಲೋಕಲ್ ಟ್ರೈನಿನ ಕೊನೆಯ ಸ್ಟೇಷನ್ನಿನ ಪಕ್ಕದವನು ಎಂದು ಗೊತ್ತಿರಲಿಲ್ಲ.

ಇನ್ನು ನಾನು ಫೋರ್ಟನ್ನೇ ಆರಿಸಿಕೊಂಡ ನಿಜವಾದ ಕಾರಣ ಹೇಳುತ್ತೇನೆ. ನಮ್ಮ ಮಾವನವರು ಹದಿಮೂರನೆಯ ವಯಸ್ಸಿನಲ್ಲಿ ಮಂಗಳೂರಿನಿಂದ ಹಡಗು ಹತ್ತಿ ಈ ಊರಿಗೆ ಬಂದವರು. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಹಗಲೆಲ್ಲ ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡದ ರಾತ್ರಿಶಾಲೆಯಲ್ಲಿ ಓದಿ, ಮೆಟ್ರಿಕ್ ಪಾಸಾಗಿ, ಫೋರ್ಟಿನಲ್ಲಿಯೇ ಒಂದು ಬ್ಯಾಂಕಿನಲ್ಲಿ ಗುಮಾಸ್ತರಾದರು. ಇದು ಅವರೊಬ್ಬರ ಕಥೆಯಲ್ಲ. ನಮ್ಮ ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಹಾಗೆಯೇ ಓದಿದರು. ನಿಮ್ಮ ಅಜ್ಜನೂ ಅವರಲ್ಲಿ ಒಬ್ಬರಿರಬಹುದು.

ಮಾವನವರು ನಿವೃತ್ತರಾದ ಮೇಲೆ ನನಗೆ ಆಗಾಗ ಹೇಳುತ್ತಿದ್ದರು: “ಮಗಾ, ಒಂದು ಭಾನುವಾರ ನಿನ್ನನ್ನು ಕರ್ಕೊಂಡು ಹೋಗ್ತೇನೆ. ನಾನು ಮಲಗುತ್ತಿದ್ದ ಜಾಗ, ಓದಿದ ಶಾಲೆ, ಕೂತ ಮೆಟ್ಟಿಲು ಎಲ್ಲ ತೋರಿಸ್ತೇನೆ.” ನಾನು “ಆಯ್ತು ಮಾವ, ಮುಂದಿನ ಭಾನುವಾರ” ಎನ್ನುತ್ತಿದ್ದೆ. ಮಕ್ಕಳ ಪರೀಕ್ಷೆ, ನೆಂಟರು, ಹಬ್ಬ, ಮಳೆ... ಒಂದೊಂದು ಭಾನುವಾರಕ್ಕೆ ಒಂದೊಂದು ನೆಪ. 2006ರಲ್ಲಿ ಅವರು ತೀರಿಕೊಂಡರು. ಆ ಮುಂದಿನ ಭಾನುವಾರ ಬರಲೇ ಇಲ್ಲ.

ಆ ಹೋಟೆಲು ಬೋರಾ ಬಜಾರಿನ ಹತ್ತಿರ ಎಂಬುದಷ್ಟೇ ನನಗೆ ನೆನಪು. ಸ್ಟೇಷನ್ನಿನ ಎದುರಿನ ಆ ಇಕ್ಕಟ್ಟಾದ ಬೀದಿಗೆ ಹೊಕ್ಕೆವು. ಮರದ ಕಟಾಂಜನದ ಹಳೆಯ ಮನೆಗಳು, ಬಾಗಿಲು ಎಳೆದ ಕಾಗದದ ಅಂಗಡಿಗಳು, ಮುದ್ರಣಾಲಯದ ಬೋರ್ಡುಗಳು. ಒಂದು ಗಲ್ಲಿಯಿಂದ ಇನ್ನೊಂದು ಗಲ್ಲಿ. “ಹೋಟೆಲಿನ ಹೆಸರೇನ್ರೀ?” ಎಂದು ಟೀಚರ್ ಅಕ್ಕ ಕೇಳಿದರು. ಗೊತ್ತಿಲ್ಲ. “ಗಲ್ಲಿ ಹೆಸರು?” ಗೊತ್ತಿಲ್ಲ. ನಮ್ಮವರಿಗೆ ಫೋನು ಮಾಡಿದೆ. “ಅಪ್ಪ ಎಷ್ಟೋ ಸಲ ಹೇಳಿದ್ದರು, ನಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ” ಎಂದರು. ಸುಮಾರು ಮುಕ್ಕಾಲು ಗಂಟೆ ಸುತ್ತಿದೆವು. ಪಾನ್ ಅಂಗಡಿಯವನೊಬ್ಬನಿಗೂ ಗೊತ್ತಿರಲಿಲ್ಲ. ನಾವು ನಿಂತ ಯಾವುದೋ ಬಾಗಿಲೇ ಅದಾಗಿರಬಹುದು. ಲಂಡನ್ನಿನ ಬೀದಿಗಳ ಹೆಸರು ಬಲ್ಲ ನಾನು ನನ್ನ ಮನೆಯ ಅನ್ನ ಹುಟ್ಟಿದ ಗಲ್ಲಿಯ ಹೆಸರು ಕೇಳಿ ಇಟ್ಟುಕೊಳ್ಳಲಿಲ್ಲವಲ್ಲ ಎಂದು ಅಲ್ಲಿಯೇ ಕಣ್ಣು ತುಂಬಿತು. ಮೈಸೂರಿನ ಗೆಳತಿ ಏನೂ ಹೇಳದೆ ನೀರಿನ ಬಾಟಲಿ ಕೊಟ್ಟಳು.

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ನೆರಳಿನಲ್ಲಿ ಫ್ಲೋರಾ ಫೌಂಟನ್‌ವರೆಗೆ ನಡೆದೆವು. 1864ರ ಈ ಕಾರಂಜಿಯ ಮೇಲೆ ನಿಂತವಳು ರೋಮನರ ಹೂವಿನ ದೇವತೆ. ಪಕ್ಕದಲ್ಲಿಯೇ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣ ತೆತ್ತವರ ಸ್ಮಾರಕ; ಆದ್ದರಿಂದಲೇ ಆ ಜಾಗಕ್ಕೆ ಹುತಾತ್ಮಾ ಚೌಕ್ ಎಂದು ಹೆಸರು. ಪೂರ್ವಕ್ಕೆ ತಿರುಗಿದರೆ ಸೇಂಟ್ ಥಾಮಸ್ ಇಗರ್ಜಿ, 1718ರಲ್ಲಿ ತೆರೆದದ್ದು. ನಿಮಗೊಂದು ಪ್ರಶ್ನೆ: ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಚರ್ಚೂ ಇಲ್ಲ, ಗೇಟೂ ಇಲ್ಲ, ಮತ್ತೆ ಆ ಹೆಸರು ಏಕೆ? ಉತ್ತರ ಈ ಇಗರ್ಜಿಯಲ್ಲಿದೆ. ಫೋರ್ಟ್ ಎಂದರೆ ಒಂದು ಕಾಲಕ್ಕೆ ನಿಜವಾಗಿಯೂ ಕೋಟೆ. ಅದರ ಒಂದು ಬಾಗಿಲು ಈ ಇಗರ್ಜಿಯ ದಾರಿಗೆ ತೆರೆಯುತ್ತಿದ್ದುದರಿಂದ ಅದು ಚರ್ಚ್‌ಗೇಟ್. 1860ರ ದಶಕದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದರು. ಬಾಗಿಲು ಹೋಯಿತು, ಹೆಸರು ಉಳಿಯಿತು. ದಿನಕ್ಕೆರಡು ಸಲ ಆ ಸ್ಟೇಷನ್ನಿನಲ್ಲಿ ಹತ್ತಿ ಇಳಿಯುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ನನಗೂ ಆ ದಿನದವರೆಗೆ ಗೊತ್ತಿರಲಿಲ್ಲ.

ಮುಂದೆ ಹಾರ್ನಿಮನ್ ಸರ್ಕಲ್. ಹಾರ್ನಿಮನ್ ಬ್ರಿಟಿಷನಾದರೂ ‘ಬಾಂಬೆ ಕ್ರಾನಿಕಲ್’ ಪತ್ರಿಕೆಯ ಸಂಪಾದಕನಾಗಿ ನಮ್ಮ ಸ್ವಾತಂತ್ರ್ಯದ ಪರ ಬರೆದವನು. 1919ರಲ್ಲಿ ಸರಕಾರ ಅವನನ್ನು ಗಡಿಪಾರು ಮಾಡಿತು. ಆ ತೋಟ ದಾಟಿದ ಕೂಡಲೇ ಎದುರಿಗೆ ಬಿಳಿಯ ದಪ್ಪ ಕಂಬಗಳ ಟೌನ್ ಹಾಲ್, 1833ರದ್ದು. ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ ಇರುವುದು ಇಲ್ಲಿಯೇ. ಸಿನಿಮಾಗಳಲ್ಲಿ ನೀವು ಈ ಮೆಟ್ಟಿಲುಗಳನ್ನು ಹತ್ತು ಸಲ ನೋಡಿದ್ದೀರಿ.

ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತು “ನಿಲ್ಲಿ” ಎಂದೆ.

ಮಾವನವರಿಗೆ ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನ ಮಾತ್ರ ರಜೆಯಿತ್ತಂತೆ. ಕೈಯಲ್ಲಿ ಕಾಸಿಲ್ಲ, ಹೋಗಲು ಮನೆಯಿಲ್ಲ. ಆಗ ಅವರೂ ಇಬ್ಬರು ಗೆಳೆಯರೂ ಹೋಟೆಲಿನಲ್ಲಿ ಗಿರಾಕಿಗಳು ಬಿಟ್ಟು ಹೋದ ಇಂಗ್ಲಿಷ್ ಪೇಪರು ತಂದು ಟೌನ್ ಹಾಲಿನ ಮೆಟ್ಟಿಲಲ್ಲಿ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರಂತೆ. “ಮೂವತ್ತು ಮೆಟ್ಟಿಲು ಮಗಾ, ಎಣಿಸಿದ್ದೇನೆ. ಅಷ್ಟು ದೊಡ್ಡವರ ಕಟ್ಟಡ. ನಾವು ಹರಕು ಚಡ್ಡಿಯ ಹುಡುಗರು. ಒಂದು ದಿನವೂ ಯಾರೂ ಏಳಿ ಎಂದು ಹೇಳಲಿಲ್ಲ” ಎನ್ನುತ್ತಿದ್ದರು. ಈ ಊರು ಅವರದಾದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಅವರು ಕೊಡುತ್ತಿದ್ದ ಉತ್ತರ ಅಷ್ಟೇ.

ನಾನು ಎಣಿಸುತ್ತಾ ಹತ್ತಿದೆ. ಒಂದು, ಎರಡು, ಮೂರು... ಹದಿನೆಂಟಕ್ಕೆ ಉಸಿರು ಹಿಡಿಯಿತು, ನಿಂತೆ. ಇಪ್ಪತ್ತೊಂಬತ್ತು, ಮೂವತ್ತು. ಮಾವನವರ ಲೆಕ್ಕ ತಪ್ಪಿರಲಿಲ್ಲ. ನಾಲ್ವರೂ ಮೆಟ್ಟಿಲ ಮೇಲೆ ಕೂತೆವು. ಕೆಳಗೆ ಕಾಲೇಜಿನ ಮಕ್ಕಳು ಫೋಟೋ ತೆಗೆಯುತ್ತಿದ್ದರು. ಪಾರಿವಾಳಗಳು ಹಾರಾಡುತ್ತಿದ್ದವು. ನಮ್ಮನ್ನೂ ಯಾರೂ ಏಳಿ ಎನ್ನಲಿಲ್ಲ.

ಊಟಕ್ಕೆ ಭಾನುವಾರವೂ ತೆರೆದಿದ್ದ ಒಂದು ಉಡುಪಿ ಹೋಟೆಲು ಸಿಕ್ಕಿತು. ನಾವು ಹಿಂದಿಯಲ್ಲಿ ಊಟ ಹೇಳಿದರೆ ಹುಡುಗ ಕನ್ನಡದಲ್ಲಿ “ಸಾರು ಬೇಕಾ ಅಮ್ಮ?” ಎಂದ. ಯಾವ ಊರಪ್ಪಾ ಎಂದರೆ ಒಡಿಶಾ! ಗಲ್ಲೆಯಲ್ಲಿ ಕೂತ ಧಣಿಗಳಿಂದ ಕನ್ನಡ, ತುಳು ಎರಡನ್ನೂ ಕಲಿತಿದ್ದ. ಬಂದು ಒಂದೂವರೆ ವರ್ಷ. ಟೀಚರ್ ಅಕ್ಕನಿಗೆ ಮೇಷ್ಟ್ರಗಿತ್ತಿಯ ಸ್ವಭಾವ ಬಿಡುತ್ತದೆಯೇ? “ಏನೇನ್ ನೋಡಿಯಪಾ ಮುಂಬೈದಾಗ?” ಎಂದು ಪರೀಕ್ಷೆ ಶುರು ಮಾಡಿದರು. ಅವನು ಗೇಟ್‌ವೇ, ಮ್ಯೂಸಿಯಂ, ಮರೀನ್ ಡ್ರೈವ್, ಬಾಣಗಂಗೆಯ ಕೆರೆ ಎಲ್ಲವನ್ನೂ ಹೇಳಿ, ರಜೆಯ ದಿನ ನಡೆದುಕೊಂಡೇ ಸುತ್ತುತ್ತೇನೆ ಎಂದ. ನಮಗೆ ಓವಲ್ ಮೈದಾನಕ್ಕೆ ಹತ್ತಿರದ ದಾರಿಯನ್ನೂ ಹೇಳಿಕೊಟ್ಟ. ಮೂವತ್ತು ವರ್ಷದವರಿಗೆ ಒಂದೂವರೆ ವರ್ಷದವನು ದಾರಿ ತೋರಿಸಿದ ಹಾಗಾಯಿತು. ಅವನ ತಟ್ಟೆ ಹಿಡಿದ ಕೈ ನೋಡಿ ನನಗೆ ಮತ್ತೆ ಮಾವನವರ ನೆನಪಾಯಿತು. ಆ ಹುಡುಗನಿಗೆ ಓದಲು ರಾತ್ರಿಶಾಲೆ ಇದೆಯೋ ಇಲ್ಲವೋ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಪಕ್ಕದ ಮೇಜಿನವರು ಅವನನ್ನು ಕರೆದರು.

ಅವನು ಹೇಳಿದ ದಾರಿಯಲ್ಲಿ ಓವಲ್ ಮೈದಾನಕ್ಕೆ ಬಂದೆವು. ಒಂದೇ ಮೈದಾನದಲ್ಲಿ ಹತ್ತಾರು ಕ್ರಿಕೆಟ್ ಆಟ. ಯಾರ ಚೆಂಡು ಯಾರ ಕೈಗೆ ಹೋಗುತ್ತದೋ ದೇವರೇ ಬಲ್ಲ. ಪೂರ್ವದ ಅಂಚಿನಲ್ಲಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ. 1878ರಲ್ಲಿ ಪೂರ್ಣವಾದ ಇದಕ್ಕೆ ಹಣ ಕೊಟ್ಟವರು ಹತ್ತಿಯ ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್. ರಾಜಾಬಾಯಿ ಅವರ ತಾಯಿ. ಸೂರ್ಯಾಸ್ತದ ಮೊದಲೇ ಊಟ ಮುಗಿಸಬೇಕಾದ ಜೈನ ತಾಯಿಗೆ ಗಂಟೆಯ ಸದ್ದಿನಿಂದ ಹೊತ್ತು ತಿಳಿಯಲಿ ಎಂದು ಮಗ ಕಟ್ಟಿಸಿದನೆಂದು ಜನ ಹೇಳುತ್ತಾರೆ. ಮೈದಾನದ ಒಂದು ಕಡೆ ಇಂಥ ಚೂಪು ಗೋಪುರಗಳು, ಇನ್ನೊಂದು ಕಡೆ ದುಂಡು ಬಾಲ್ಕನಿಗಳ 1930ರ ದಶಕದ ಮನೆಗಳು. ಇವೆರಡನ್ನೂ ಸೇರಿಸಿ ಯುನೆಸ್ಕೋ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿದೆ. ಸಿಂಗಪುರದಲ್ಲಿ ನಾನು ಟಿಕೆಟ್ಟು ಕೊಟ್ಟು ಕಟ್ಟಡ ನೋಡಿದ್ದೆ. ಇಲ್ಲಿ ಹುಲ್ಲಿನಂಚಿನಲ್ಲಿ ಕೂತು ಶೇಂಗಾ ತಿನ್ನುತ್ತಾ ಪುಕ್ಕಟೆ ನೋಡಿದೆ.

ಕಾಲಾ ಘೋಡಾದಲ್ಲಿ ಟೀಚರ್ ಅಕ್ಕ ಚೀಲವೊಂದನ್ನು ಕೊಂಡು ಎರಡನೆಯ ನಿಯಮ ಮುರಿದರು. ಆ ಹೆಸರಿನ ಕಪ್ಪು ಕುದುರೆಯ ಮೇಲೆ ಹಿಂದೆ ಏಳನೆಯ ಎಡ್ವರ್ಡ್ ದೊರೆ ಕೂತಿದ್ದ. 1965ರಲ್ಲಿ ಆ ಪ್ರತಿಮೆಯನ್ನು ಭಾಯಖಳಾದ ರಾಣಿಬಾಗಿಗೆ ಸಾಗಿಸಿದರು. 2017ರಲ್ಲಿ ಮತ್ತೆ ಕುದುರೆ ಬಂತು, ಸವಾರನಿಲ್ಲದೆ. “ಈಗ ಚಂದ ಕಾಣತ್ತೆ” ಎಂದಳು ಮೈಸೂರಿನ ಗೆಳತಿ.

ಕೊನೆಗೆ ಗೇಟ್‌ವೇ. 1911ರಲ್ಲಿ ಐದನೆಯ ಜಾರ್ಜ್ ದೊರೆ ಇಲ್ಲಿ ಇಳಿದ ನೆನಪಿಗೆ ಕಟ್ಟಿದ್ದು, ಮುಗಿದದ್ದು 1924ರಲ್ಲಿ. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ದಂಡು ಇದೇ ಕಮಾನಿನ ಕೆಳಗಿನಿಂದ ಹಡಗು ಹತ್ತಿತು. ಅಲ್ಲಿ ಒಬ್ಬ ಫೋಟೋದವನು ಬೆನ್ನು ಹತ್ತಿದ. “ಮೇಡಂ, ಮೊದಲ ಸಲ ಮುಂಬಯಿಗೆ ಬಂದದ್ದಾ?” ಎಂದು ಹಿಂದಿಯಲ್ಲಿ ಕೇಳಿದ. ಬ್ಯಾಂಕಿನ ಅಕ್ಕ ಸ್ವಚ್ಛ ಮರಾಠಿಯಲ್ಲಿ “ಹೌದಪ್ಪಾ, ಇವತ್ತೇ ಮೊದಲು” ಎಂದರು. ಅವನು ಪೆಚ್ಚಾದ, ನಾವು ನಕ್ಕೆವು. ಆದರೆ ಅಕ್ಕ ಹೇಳಿದ್ದು ಸುಳ್ಳೇನೂ ಅಲ್ಲ. ನಾಲ್ವರೂ ಫೋಟೋ ತೆಗೆಸಿಕೊಂಡೆವು.

ಹಿಂದಿರುಗುವಾಗ ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಮುಂದಿನ ಸೀಟಿನಲ್ಲಿ ಗಾಳಿಗೆ ಮುಖ ಕೊಟ್ಟು ಕೂರಬೇಕೆಂಬ ಆಸೆ ಇತ್ತು. ಆದರೆ ಕಿಟಕಿ ತೆರೆಯುವ ಆ ಹಳೆಯ ಕೆಂಪು ಬಸ್ಸುಗಳು 2023ರ ಸೆಪ್ಟೆಂಬರಿನಲ್ಲಿಯೇ ನಿಂತುಹೋದವು. ಈಗಿರುವುದು ವಿದ್ಯುತ್ತಿನ ಎ.ಸಿ. ಬಸ್ಸು, ಗಾಜು ತೆರೆಯುವುದಿಲ್ಲ. ಮನುಷ್ಯರ ಹಾಗೆ ಬಸ್ಸುಗಳೂ ನಮ್ಮ ಮುಂದಿನ ಭಾನುವಾರಕ್ಕಾಗಿ ಕಾಯುವುದಿಲ್ಲ.

ಮಕ್ಕಳೇ, ನಿಮ್ಮನ್ನು ಯಾರಾದರೂ “ನಿಮ್ಮ ಊರು ಯಾವುದು?” ಎಂದರೆ ನೀವು ತಡವರಿಸುವುದನ್ನು ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ನಾನು ನೋಡಿದ್ದೇನೆ. ಅಪ್ಪನ ಊರಿನಲ್ಲಿ ನಿಮ್ಮನ್ನು ‘ಬೊಂಬಾಯಿಯವರು’ ಎನ್ನುತ್ತಾರೆ, ಇಲ್ಲಿ ‘ಸೌತಿನವರು’ ಎನ್ನುತ್ತಾರೆ. ನಾನು ಇದಕ್ಕೆ ದೊಡ್ಡ ಉತ್ತರ ಹೇಳಲಾರೆ. ನಿಮ್ಮ ಅಜ್ಜ ಬೆವರು ಸುರಿಸಿದ ಗಲ್ಲಿ ಈ ಊರಿನಲ್ಲಿದ್ದರೆ ಈ ಊರು ನಿಮ್ಮದು, ಆ ಗಲ್ಲಿಯ ಹೆಸರು ಗೊತ್ತಿದ್ದರೆ ಇನ್ನಷ್ಟು ನಿಮ್ಮದು. ಅಷ್ಟನ್ನು ಮಾತ್ರ ಆ ಮೆಟ್ಟಿಲ ಮೇಲೆ ಕೂತು ಕಲಿತೆ.

ಆದ್ದರಿಂದ ಹೊರಡಿ. ನಾಲ್ಕೈದು ಗೆಳೆಯರು ಸೇರಿ. ಭಾನುವಾರವಾದರೆ ಮೆಗಾಬ್ಲಾಕ್ ಯಾವ ಲೈನಿನಲ್ಲಿ ಎಂದು ಮೊದಲೇ ನೋಡಿಕೊಳ್ಳಿ. ಹಳೆಯ ಚಪ್ಪಲಿ ಹಾಕಿ, ನೀರು ಇಟ್ಟುಕೊಳ್ಳಿ, ಒಂದು ದಿನಕ್ಕೆ ಒಂದೇ ಭಾಗ ಸಾಕು. ನಮ್ಮ ಮುಂದಿನ ಸವಾರಿ ಬೊರಿವಲಿಯ ಕಾಡಿನೊಳಗಿನ ಕಾನ್ಹೇರಿಗೆ. ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಅಲ್ಲಿನ 9ನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಹೆಸರಿದೆ. ಹೌದು, ‘ಕವಿರಾಜಮಾರ್ಗ’ದ ಅದೇ ನೃಪತುಂಗ! ಕನ್ನಡದ ದೊರೆಯ ಹೆಸರು ಈ ಊರಿನ ಕಲ್ಲಿನಲ್ಲಿ ನಮಗಿಂತ ಮೊದಲೇ ಬಂದು ಕೂತಿದೆ. ಸೋಮವಾರ ಬಾಗಿಲು ಮುಚ್ಚಿರುತ್ತದೆ, ನೆನಪಿರಲಿ.

ಕೊನೆಯದಾಗಿ ಒಂದೇ ಮಾತು. ಮನೆಯಲ್ಲಿ ಅಜ್ಜ, ಅಜ್ಜಿ, ದೊಡ್ಡಪ್ಪ ಯಾರಿದ್ದರೂ ಅವರನ್ನು ಜೊತೆಗೆ ಕರೆದುಕೊಳ್ಳಿ. ನಡೆಯಲು ಆಗದಿದ್ದರೆ ಟ್ಯಾಕ್ಸಿಯಲ್ಲಿ ಕರೆದೊಯ್ಯಿರಿ. ಅದೂ ಆಗದಿದ್ದರೆ ಇವತ್ತು ರಾತ್ರಿ ಪಕ್ಕದಲ್ಲಿ ಕೂತು ಕೇಳಿ: ಮೊದಲು ಇಳಿದದ್ದು ಎಲ್ಲಿ, ಮಲಗಿದ್ದು ಎಲ್ಲಿ, ಓದಿದ್ದು ಎಲ್ಲಿ, ಆ ಗಲ್ಲಿಯ ಹೆಸರು ಏನು? ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಭಾನುವಾರ ಎಂದು ಮಾತ್ರ ಹೇಳಬೇಡಿ.